ಗೃಹಾರೋಗ್ಯ: ಮೋಟಾರು ಪ್ರಯಾಣದ ತಲೆನೋವು

ತೀರ್ಥಹಳ್ಳಿಯ ಕಡೆಯ ಗೃಹಸ್ಥರೊಬ್ಬರು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುತ್ತಾರೆ. ಅವರ ಪತ್ನಿಯವರ ತವರುಮನೆಯು ಉಡುಪಿಯ ಸಮೀಪದಲ್ಲಿರುವುದಂತೆ. ದೂರವು ಸುಮಾರು ೯೦ ಕಿಲೋಮೀಟರು ಮಾತ್ರ. ಆದರೆ ನಡುವೆ ಆಗುಂಬೆಯ ಘಟ್ಟವಿದೆ. ಮೋಟಾರನ್ನು ಹತ್ತಿ ಅರ್ಧ ಗಂಟೆ ಕಳೆಯುವುದರೊಳಗಾಗಿ ಆಕೆಗೆ ಹುಬ್ಬಿನ ಮೇಲೆ ನೋವು ಮೊದಲಾಗಿ, ಘಟ್ಟದ ೧೪ ತಿರುವುಗಳನ್ನೂ ಇಳಿದು ಸೋಮೇಶ್ವರವನ್ನು ಸೇರುವ ವೇಳೆಗೆ ತಲೆಯೇ ಸಿಡಿಯುವಂತಾಗುತ್ತದೆ. ತವರಿಗೆ ಹೋದ ದಿನವೆಲ್ಲ ಕತ್ತಲೆಯ ಕೋಣೆಯಲ್ಲಿ ಮಲಗಿರುವುದೇ ಆಗಿ, ಮರುದಿನ ಹಿಂದಿರುಗುವ ಭಯದಲ್ಲಿ ಬಂದ ಸಂತೋಷವೂ ಹಾಳಾಗುತ್ತದೆ. ಈ ಕಾರಣದಿಂದ ಎರಡು ವರ್ಷಗಳಿಂದ ಆಕೆಯು ಹೆತ್ತವರ ಮುಖವನ್ನು ನೋಡಿಲ್ಲ. ಈಗ ತಾಯಿಯವರು ಹಾಸಿಗೆ ಹಿಡಿದಿದ್ದಾರೆ. ಮನೆಯ ಹಿರಿಯರು ಇದನ್ನು ನೆಪವೆಂದು ಆಡಿಕೊಳ್ಳುತ್ತಿರುವರೆಂದೂ, ತಮಗೂ ಒಮ್ಮೊಮ್ಮೆ ಹಾಗೆಯೇ ತೋರಿದ್ದುಂಟೆಂದೂ ಪತ್ರ ಬರೆದವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ಇದರ ನಿಜವೇನೆಂದು ಕೇಳಿರುತ್ತಾರೆ.

ಮೊದಲು ಉತ್ತರವನ್ನು ಹೇಳಿಬಿಡುವೆವು: ಇದು ನೆಪವಲ್ಲ. ದೇಹದ ರಚನೆಯಲ್ಲಿಯೇ ಕಾರಣವುಳ್ಳ ನಿಜವಾದ ವ್ಯಥೆ. ಇಂಗ್ಲೆಂಡಿನ ಪ್ರಸಿದ್ಧ ನೌಕಾಧಿಪತಿಯಾದ ನೆಲ್ಸನ್ನನಿಗೆ ಸಮುದ್ರದ ಮೇಲೆ ವಾಕರಿಕೆಯ ಕಾಟವಿದ್ದಿತು. ಆತನನ್ನು ಹೇಡಿಯೆಂದಾಗಲಿ ಸೋಮಾರಿಯೆಂದಾಗಲಿ ಯಾರೂ ಕರೆದಿಲ್ಲ. ವಾಕರಿಕೆಗೆ ಆಂಗ್ಲರು ಹೇಳುವ ‘ನಾಸಿಯಾ’ ಎಂಬ ಮಾತು ಹಡಗಿಗೆ ಗ್ರೀಕರಿಟ್ಟ ಹೆಸರಿನಿಂದ ಹುಟ್ಟಿದುದು. ನಮ್ಮ ನೌಕೆಯೂ ಅದೇ ಮೂಲದ್ದು. ಹಡಗಿನ ಬೇನೆಯೇ ಇಂದು ಮೋಟಾರನ್ನು ಹತ್ತಿದೆ, ಅಷ್ಟೆ.

ಕಾರಣವು ಹೇಗೆಂದರೆ: ನಮ್ಮ ಒಳಗಿವಿಯಲ್ಲಿ ದ್ರವದಿಂದ ತುಂಬಿದ ಮೂರು ಅರೆಬಳೆಗಳಂತಹ ನಾಳಗಳಿವೆ, ಅವುಗಳ ಬುಡದಲ್ಲಿ ಸುಣ್ಣದ ಅತಿ ಸೂಕ್ಷ್ಮವಾದ ಹರಳುಗಳಿವೆ. ತಲೆಯು ತಿರುಗಿದರೂ, ವಾಲಿದರೂ, ಬಂಡಿಯು ಮುಂದಕ್ಕೆ ನೂಕಿದರೂ ಇವು ಒಡನೆಯೇ ಮೆದುಳಿಗೆ ವರದಿಯನ್ನು ಕಳುಹಿಸುತ್ತವೆ. ಹಿಂದಿನ ಪೀಠದಲ್ಲಿ ಕುಳಿತು ಮೊಬೈಲನ್ನೋ ಕಾದಂಬರಿಯನ್ನೋ ನೋಡುತ್ತಿರುವವರ ಕಣ್ಣು, ಎಲ್ಲವೂ ನಿಶ್ಚಲವಾಗಿದೆಯೆಂದು ಸಾಕ್ಷಿ ನುಡಿಯುತ್ತದೆ. ಕಿವಿಯು ಹಾಗಲ್ಲ, ದೇಹವು ಎಡಬಲಕ್ಕೆ ತೂಗುತ್ತಿದೆಯೆಂದು ಹೇಳುತ್ತದೆ. ಸಾಕ್ಷಿಗಳಿಬ್ಬರೂ ಪರಸ್ಪರ ವಿರುದ್ಧವಾಗಿ ನುಡಿದಾಗ ನ್ಯಾಯಾಧೀಶನ ಪಾಡೇನಾದೀತು? ಮೆದುಳಿನ ಈ ಗೊಂದಲದಿಂದಲೇ ತಲೆಭಾರ, ಬೆವರು, ಬಾಯಲ್ಲಿ ನೀರೂರುವುದು, ವಾಂತಿ ಮೊದಲಾದುವೆಲ್ಲ ಬರುತ್ತವೆಂಬ ವಾದವನ್ನು ರೀಸನ್ ಮತ್ತು ಬ್ರಾಂಡ್ ಎಂಬುವರು ೧೯೭೫ರಲ್ಲಿ ಗ್ರಂಥರೂಪವಾಗಿ ವಿಸ್ತರಿಸಿದರು. ಅದಕ್ಕೂ ಬಹುಮುಂಚೆ, ೧೮೮೨ರಲ್ಲಿಯೇ ಅಮೆರಿಕದ ವಿಲಿಯಂ ಜೇಮ್ಸ್ ಎಂಬ ಪಂಡಿತರು ಕಿವುಡ ಮೂಗರನ್ನು ವಿಚಾರಿಸಿ, ಅವರಲ್ಲಿ ಅನೇಕರಿಗೆ ತಲೆಸುತ್ತೆಂಬುದೇ ತಿಳಿಯದೆಂಬುದನ್ನೂ, ಹಡಗಿನ ಬೇನೆಯೂ ಅಂತಹವರನ್ನು ಬಾಧಿಸದೆಂಬುದನ್ನೂ ಗುರುತಿಸಿದ್ದರು. ಒಳಗಿವಿಯು ಕೆಟ್ಟವರಿಗೆ ಈ ಜಗಳವೇ ಇಲ್ಲ.

ಎಲ್ಲ ಅಲುಗಾಟವೂ ಒಂದೇ ಬಗೆಯದಲ್ಲ. ಕ್ಷಿಪ್ರವಾದ ಕುಲುಕಾಟಕ್ಕಿಂತ ನಿಧಾನವಾದ ತೂಗಾಟವೇ, ಅಂದರೆ ಸುಮಾರು ಐದು ಸೆಕೆಂಡುಗಳಿಗೊಮ್ಮೆ ತೂಗುವಂಥಾದ್ದೇ, ಅತಿ ಕೆಟ್ಟದ್ದೆಂದು ಪ್ರಯೋಗಗಳಿಂದ ಸಿದ್ಧವಾಗಿದೆ. ಹಳೆಯ ಎತ್ತಿನ ಗಾಡಿಯು ಸೊಂಟವನ್ನು ಮುರಿಯುತ್ತಿದ್ದಿತೇ ಹೊರತು ಹೊಟ್ಟೆಯನ್ನು ತೊಳಸುತ್ತಿದ್ದುದು ಕಡಮೆ. ಮೆತ್ತನೆಯ ಪೀಠವುಳ್ಳ ಹೊಸ ಮೋಟಾರಾದರೋ ತೊಟ್ಟಿಲಿನಂತೆ ತೂಗುತ್ತದೆ. ಹಣ ಹೆಚ್ಚು ಕೊಟ್ಟವರಿಗೆ ತಲೆನೋವೂ ಹೆಚ್ಚಾಗುವ ವಿಚಿತ್ರವಿದು.

ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಈ ಬಾಧೆಯು ಅಧಿಕ. ಗಂಡಸರಿಗಿಂತ ಹೆಂಗಸರಲ್ಲಿ ಅಧಿಕ. ಅರೆತಲೆನೋವು ಉಳ್ಳವರಲ್ಲಿ ಎಲ್ಲರಿಗಿಂತಲೂ ಅಧಿಕ. ನಮ್ಮ ಆಯುರ್ವೇದದವರು ಅರ್ಧಾವಭೇದಕವೆಂದು ಕರೆದಿರುವ, ಇಂದಿನ ವೈದ್ಯರು ಮೈಗ್ರೇನ್ ಎನ್ನುವ ಈ ರೋಗವುಳ್ಳವರ ಮೆದುಳು ಬೆಳಕು, ಶಬ್ದ, ವಾಸನೆ, ಅಲುಗಾಟ ಎಲ್ಲಕ್ಕೂ ಬೇಗನೆ ಕೆರಳುತ್ತದೆ. ಪತ್ರದಲ್ಲಿ ಹೇಳಿರುವ ಕತ್ತಲೆಯ ಕೋಣೆಯನ್ನು ಓದಿದೊಡನೆಯೇ ನಮಗೆ ಇದರ ಸಂದೇಹ ಬಂದಿತು. ಬೆಳಕನ್ನು ಸಹಿಸಲಾರದೆ ಕತ್ತಲೆಯನ್ನು ಹುಡುಕುವುದು ಮೈಗ್ರೇನಿನ ಮುಖ್ಯ ಲಕ್ಷಣಗಳಲ್ಲೊಂದು. ಆದುದರಿಂದ ಆ ಗೃಹಿಣಿಯವರನ್ನು ವೈದ್ಯರಿಗೆ ಒಮ್ಮೆ ತೋರಿಸಿ, ಪ್ರಯಾಣವಿಲ್ಲದ ದಿನಗಳಲ್ಲಿಯೂ ನೋವು ಬರುವುದುಂಟೇ, ತಿಂಗಳಿನ ಯಾವ ದಿನಗಳಲ್ಲಿ ಹೆಚ್ಚುತ್ತದೆ ಎಂಬುದನ್ನು ಬರೆದಿಟ್ಟುಕೊಂಡು ಹೇಳುವುದು ಯುಕ್ತ. ಸಾಧ್ಯವಾದರೆ ಅಂತಹ ದಿನಗಳನ್ನು ಬಿಟ್ಟು ಪ್ರಯಾಣವನ್ನು ಗೊತ್ತುಮಾಡಬಹುದು.

ಇನ್ನು ಕುಳಿತುಕೊಳ್ಳುವ ವಿಚಾರ. ಮುಂದಿನ ಪೀಠವೇ ಶ್ರೇಷ್ಠ. ಅಲ್ಲಿಂದ ದೂರದ ದಾರಿಯನ್ನು ನೋಡುತ್ತಿದ್ದರೆ ಕಣ್ಣು ಕಿವಿಗಳ ಸಾಕ್ಷ್ಯವು ಒಂದಾಗುತ್ತದೆ. ನಮ್ಮ ಮನೆಗಳಲ್ಲಿ ಮುಂದಿನ ಪೀಠವು ಯಜಮಾನರಿಗೋ ಹಿರಿಯ ಅಳಿಯಂದಿರಿಗೋ ಮೀಸಲು. ತಲೆನೋವಿನವರು ಮಕ್ಕಳೊಡನೆ ಹಿಂದೆ, ನಡುವಿನಲ್ಲಿ. ಈ ಮರ್ಯಾದೆಯನ್ನು ಘಟ್ಟದ ಮಟ್ಟಿಗಾದರೂ ಬದಿಗಿಡಬೇಕು. ಬಸ್ಸಿನಲ್ಲಾದರೆ ಹಿಂದಿನ ಗಾಲಿಗಳಿಗಿಂತ ಮುಂದೆ, ಎರಡು ಗಾಲಿಗಳ ನಡುವಣ ಸ್ಥಳವನ್ನು ಹಿಡಿಯಬೇಕು. ತಲೆಯನ್ನು ಪೀಠದ ದಿಂಬಿಗೆ ಒರಗಿಸಿ ನಿಲ್ಲಿಸಿದರೆ ಅಲುಗಾಟ ಕಡಮೆಯಾಗುವುದಲ್ಲದೆ, ಕತ್ತಿನ ಸ್ನಾಯುಗಳು ಬಿಗಿದು ಹಿಂದಲೆಯಿಂದ ಏರುವ ಬೇರೊಂದು ನೋವೂ ತಪ್ಪುತ್ತದೆ. ಚಿಕ್ಕ ಮಕ್ಕಳನ್ನು ಮಾತ್ರ ಮುಂದೆ ಕೂರಿಸಬಾರದು; ಹಿಂದೆಯೇ, ಅವರ ವಯಸ್ಸಿಗೆ ತಕ್ಕ ಎತ್ತರದ ಪೀಠದಲ್ಲಿ ಪಟ್ಟಿ ಕಟ್ಟಿ ಕೂರಿಸಿ, ಹೊರಗಿನ ನೋಟ ಕಾಣುವಂತೆ ಮಾಡಬೇಕು. ಅಳುವ ಮಗುವಿನ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಾಗಿಸುವ ತಾಯಂದಿರು ಮುಂದಿನ ತಿರುವಿನಲ್ಲಿ ವಾಂತಿಯನ್ನು ತೊಳೆಯಲು ಸಿದ್ಧರಾಗಿರಬೇಕಾಗುತ್ತದೆ.

ವೃತ್ತಪತ್ರಿಕೆಯನ್ನು ಕೆಳಗೆ ಹಾಸಿಕೊಂಡು ಕುಳಿತರೆ ವಾಕರಿಕೆ ಬಾರದೆಂದು ನಮ್ಮವರಲ್ಲಿ ಬಹಳ ಜನರ ನಂಬಿಕೆ. ಇದಕ್ಕೆ ಶಾಸ್ತ್ರೀಯವಾದ ಆಧಾರವು ನಮಗೆ ಕಂಡುಬಂದಿಲ್ಲ. ಆದರೂ ಓಡುವ ಮೋಟಾರಿನಲ್ಲಿ ಪತ್ರಿಕೆಯನ್ನು ಓದುವುದಕ್ಕಿಂತ ಅದರ ಮೇಲೆ ಕುಳಿತುಕೊಳ್ಳುವುದು ಎಷ್ಟೋ ಮೇಲು. ನಮ್ಮ ಈ ಮಾಸಪತ್ರಿಕೆಯನ್ನೂ ಹಾಗೆಯೇ ಉಪಯೋಗಿಸಬಹುದು, ನಾವು ಬೇಸರಪಡೆವು.

ಹೊಟ್ಟೆಯ ಮಾತಿಗೆ ಬರೋಣ. ದೇವರ ದರ್ಶನವಾಗುವವರೆಗೆ ಉಪವಾಸವೆಂದು ಬರಿಯ ಹೊಟ್ಟೆಯಲ್ಲಿ ಹೊರಟರೆ ಹಸಿವೇ ತಲೆನೋವನ್ನು ತರುತ್ತದೆ. ಪೂರಿ ಬೋಂಡಗಳನ್ನು ತುಂಬಿಕೊಂಡು ಹೊರಟರೆ ಅದು ಬೇರೊಂದು ಕಷ್ಟ. ಎರಡು ಇಡ್ಲಿ ಸಾಕು. ಪ್ರತಿದಿನವೂ ಕಾಫಿಯ ಅಭ್ಯಾಸವುಳ್ಳವರು ಪ್ರಯಾಣದ ದಿನ ಅದನ್ನು ಬಿಡಬಾರದು. ಹೆಚ್ಚು ಕಾಫಿ ಕುಡಿಯುವವರು ಅದನ್ನು ಥಟ್ಟನೆ ನಿಲ್ಲಿಸಿದರೆ ಒಂದು ದಿನದೊಳಗಾಗಿ ತಲೆನೋವು ಬರುವುದೂ, ಒಂದು ಲೋಟ ಕಾಫಿಯಿಂದ ಗಂಟೆಯೊಳಗೆ ಅದು ಹೋಗುವುದೂ ವೈದ್ಯರು ಒಪ್ಪಿರುವ ಸಂಗತಿ. ಪಾಪ, ಮೋಟಾರಿನ ಮೇಲೆ ಹೊರಿಸುವ ಎಷ್ಟೋ ಅಪರಾಧಗಳು ಕಾಫಿಯವು.

ನೀರಿನ ವಿಷಯದಲ್ಲಿ ನಮಗೆ ಹೇಳಬೇಕೆನ್ನಿಸುವ ಕಠಿನವಾದ ಮಾತೊಂದಿದೆ. ಹೆಂಗಸರು ಪ್ರಯಾಣದ ಹಿಂದಿನ ರಾತ್ರಿಯಿಂದಲೇ ನೀರನ್ನು ಕಡಮೆ ಮಾಡುತ್ತಾರೆ. ದಾರಿಯಲ್ಲಿ ಶುಚಿಯಾದ ಶೌಚಸ್ಥಾನವು ಸಿಕ್ಕುವ ಭರವಸೆಯಿಲ್ಲ. ಸಿಕ್ಕಿದರೂ ಗಾಡಿಯನ್ನು ನಿಲ್ಲಿಸೆಂದು ಗಂಡಸರಲ್ಲಿ ಹೇಳಲು ಸಂಕೋಚ. ಬಾಯಾರಿದ ದೇಹಕ್ಕೆ ತಲೆನೋವು ಬಾರದೆ ಇನ್ನೇನು ಬರಬೇಕು? ಒಂದೂವರೆ ಗಂಟೆಗೊಮ್ಮೆ ಕೇಳದೆಯೇ ಮೋಟಾರನ್ನು ನಿಲ್ಲಿಸುವ ಪದ್ಧತಿಯನ್ನು ಮನೆಯ ಯಜಮಾನರು ಇಟ್ಟುಕೊಂಡರೆ ಅರ್ಧ ಔಷಧವು ಅಲ್ಲಿಯೇ ಆಯಿತು.

ವಾಸನೆಗಳೂ ಶತ್ರುಗಳೇ. ಮೋಟಾರಿನಲ್ಲಿ ತೂಗಹಾಕುವ ಸುಗಂಧದ ಡಬ್ಬಿಯನ್ನು ಮೊದಲು ಕಿತ್ತುಹಾಕಬೇಕು. ಉಡುಪಿಯಿಂದ ಹಿಂದಿರುಗುವಾಗ ಶಂಕರಪುರದ ಮಲ್ಲಿಗೆಯನ್ನು ಕೊಂಡು ತರದವರಾರು? ಅದನ್ನು ಹಿಂದಿನ ಸಾಮಾನಿನ ಪೆಟ್ಟಿಗೆಯಲ್ಲಿಡಿರಿ. ಮುಚ್ಚಿದ ಗಾಜುಗಳ ನಡುವೆ ಆ ಪರಿಮಳವೇ ಮೈಗ್ರೇನನ್ನು ಎಬ್ಬಿಸಬಲ್ಲುದು. ಸಾಲುಮರಗಳ ಸಂದಿನಿಂದ ಬೆಳಗಿನ ಓರೆ ಬಿಸಿಲು ಮಿಣಮಿಣನೆ ಬೀಳುವುದೂ ಅಂತಹುದೇ. ಕಪ್ಪು ಕನ್ನಡಕವನ್ನು ಧರಿಸಿ ನೆರಳಿನ ಕಡೆ ಕುಳಿತರೆ ಒಳ್ಳೆಯದು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಮೈಸೂರಿನಿಂದ ಚಾಮರಾಜನಗರದ ಕಡೆಗೆ ಹಳೆಯ ಮೋಟಾರೊಂದರಲ್ಲಿ ಹೋಗಿದ್ದೆವು. ಮಳೆಯೆಂದು ಗಾಜುಗಳನ್ನು ಏರಿಸಿದ್ದಿತು. ಒಂದು ಗಂಟೆಯಲ್ಲಿ ನಾಲ್ವರಿಗೂ ತಲೆನೋವು. ಮೋಟಾರನ್ನು ನಡೆಸುತ್ತಿದ್ದವರಿಗೂ ಸಹ. ದಾರಿಯಲ್ಲಿಳಿದು ಚಹ ಕುಡಿದು ಅರ್ಧ ಗಂಟೆ ಅಡ್ಡಾಡುವುದರೊಳಗೆ ಎಲ್ಲರಿಗೂ ತುಸು ಹಗುರ. ಮತ್ತೆ ಹತ್ತಿದೆವು, ಮತ್ತೆ ನೋವು. ನಮ್ಮಲ್ಲೊಬ್ಬರು ತೂಕಡಿಸತೊಡಗಿದರು. ಆಗಲೇ ಸಂದೇಹ ಹುಟ್ಟಿ ಗಾಜುಗಳನ್ನೆಲ್ಲ ಇಳಿಸಿ, ಮಳೆಯಲ್ಲಿ ನೆನೆಯುತ್ತಲೇ ಮೈಸೂರಿಗೆ ಮರಳಿದೆವು. ಹೊಗೆಯ ಕೊಳವೆಯನ್ನು ಹಿಂದಿನ ತಿಂಗಳು ದುರಸ್ತು ಮಾಡಿದವರು ಬೆಸುಗೆಯನ್ನು ಸರಿಯಾಗಿ ಹಾಕಿರಲಿಲ್ಲ. ಪೀಠದ ಕೆಳಗಿನಿಂದಲೇ ಹೊಗೆಯು ಒಳಕ್ಕೆ ನುಸುಳುತ್ತಿದ್ದಿತು.

ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪುವಸ್ತುವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಮಡಿಗೂ ಮಿಕ್ಕ ಆಸಕ್ತಿಯಿಂದ ಹಿಡಿದುಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯುವು ದೊರೆಯುವುದಿಲ್ಲ. ಅದರ ಮೊದಲನೆಯ ಗುರುತೇ ತಲೆನೋವು. ಕಡೆಯದು ಏಳದ ನಿದ್ರೆ. ಒಬ್ಬರಿಗೆ ಮಾತ್ರ ನೋವು ಬಂದರೆ ಅದು ಅವರ ದೇಹದ ಗುಣವಾಗಿರಬಹುದು. ಮೋಟಾರಿನಲ್ಲಿರುವ ಎಲ್ಲರಿಗೂ ಒಟ್ಟಿಗೆ ಬಂದು, ಹೊರಗಿನ ಗಾಳಿಯಲ್ಲಿ ಹಗುರವಾದರೆ, ಅಪಾಯವೆಂದು ತಿಳಿದು ಕೂಡಲೇ ಇಳಿಯಬೇಕು. ಯಂತ್ರವನ್ನು ಓಡಿಸುತ್ತ, ತಂಪುಗಾಳಿಯನ್ನು ಹಾಕಿಕೊಂಡು, ಗಾಜು ಮುಚ್ಚಿ ನಿಂತ ಮೋಟಾರಿನಲ್ಲಿ ಮಲಗಿದವರು ಏಳದೆ ಹೋದುದುಂಟು. ಹಿಂಬಾಗಿಲನ್ನು ತೆರೆದಿಟ್ಟು ಸಾಮಾನು ಹೇರಿಕೊಂಡು ಓಡಿಸುವುದೂ ಹೊಗೆಯನ್ನು ಒಳಕ್ಕೆ ಎಳೆಯುತ್ತದೆ. ಹೊಗೆಯ ಮಾತಿಲ್ಲದೆಯೂ, ಒಳಗಿನ ಗಾಳಿಯನ್ನೇ ಸುತ್ತಿಸುವ ಏರ್ಪಾಡಿನಲ್ಲಿ ಐದಾರು ಮಂದಿ ಗಂಟೆಗಟ್ಟಲೆ ಕುಳಿತರೆ ತಲೆಯು ಭಾರವಾಗುವುದು ಸಹಜ. ಲಾರಿಯ ಹಿಂದೆ ಸಿಕ್ಕಿಕೊಂಡಾಗ ಹೊರತು ಉಳಿದ ಹೊತ್ತಿನಲ್ಲಿ ಹೊರಗಾಳಿ ಬರುವಂತಿರಲಿ.

ಔಷಧಗಳ ವಿಚಾರದಲ್ಲಿ ಒಂದು ಸ್ವಾರಸ್ಯವಾದ ಕಥೆಯುಂಟು. ೧೯೪೭ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪಿತ್ತಗಂಧೆಗೆಂದು ಒಬ್ಬ ಹೆಂಗಸಿಗೆ ಹೊಸದೊಂದು ಗುಳಿಗೆಯನ್ನು ಕೊಡುತ್ತಿದ್ದರು. ಟ್ರಾಮು ಹತ್ತಿದರೆ ವಾಕರಿಸುತ್ತಿದ್ದ ಆಕೆಗೆ ಆ ಬಾಧೆಯೂ ನಿಂತುಹೋಯಿತು. ಮರುವರ್ಷ ನ್ಯೂಯಾರ್ಕಿನಿಂದ ಜರ್ಮನಿಗೆ ಹೋಗುತ್ತಿದ್ದ ಸೈನ್ಯದ ಹಡಗಿನಲ್ಲಿ ಗೇ ಮತ್ತು ಕಾರ್ಲಿನರ್ ಎಂಬ ವೈದ್ಯರು ಅದನ್ನು ಪರೀಕ್ಷಿಸಿ ಸ್ಥಿರಪಡಿಸಿದರು. ಡೈಮೆನ್‌ಹೈಡ್ರಿನೇಟ್ ಎಂಬುದು ಅದೇ. ಇಂತಹ ಗುಳಿಗೆಗಳನ್ನು ಹೊರಡುವ ಮುನ್ನ, ಅರ್ಧದಿಂದ ಒಂದು ಗಂಟೆ ಮೊದಲೇ ಸೇವಿಸಬೇಕು; ವಾಕರಿಕೆ ಬಂದ ಮೇಲೆ ನುಂಗಿ ಫಲವಿಲ್ಲ. ಇವು ನಿದ್ದೆಯನ್ನು ತರುವುದರಿಂದ ಮೋಟಾರು ನಡೆಸುವವರು ಮುಟ್ಟಬಾರದು. ಗರ್ಭಿಣಿಯರೂ, ಕಣ್ಣಿನ ಒತ್ತಡದ ರೋಗವುಳ್ಳವರೂ, ಮೂತ್ರ ಕಟ್ಟುವ ವೃದ್ಧರೂ ವೈದ್ಯರನ್ನು ಕೇಳದೆ ಸೇವಿಸಕೂಡದು. ಶುಂಠಿಯಿಂದ ಕೆಲವರಿಗೆ ಗುಣ ಕಂಡಿದೆ, ಕೆಲವರಿಗಿಲ್ಲ. ನಿಂಬೆಯ ಹಣ್ಣನ್ನು ಮೂಸುವುದರಿಂದ ಹಾನಿಯೇನೂ ಇಲ್ಲ.

ತಲೆನೋವಿನ ಗುಳಿಗೆಯನ್ನು ನೋವಿನ ಆರಂಭದಲ್ಲಿಯೇ ತೆಗೆದುಕೊಳ್ಳಬೇಕು, ಏತಕ್ಕೆಂದರೆ ಮೈಗ್ರೇನು ಬಲಿತಾಗ ಹೊಟ್ಟೆಯ ಚಲನೆಯೇ ಮಂದವಾಗಿ ಔಷಧವು ರಕ್ತಕ್ಕೆ ಸೇರುವುದು ತಡವಾಗುತ್ತದೆ. ಆದರೆ ಪ್ಯಾರಸಿಟಮಾಲಿನಂತಹ ಗುಳಿಗೆಗಳನ್ನು ತಿಂಗಳಿಗೆ ಹದಿನೈದು ದಿನಗಳಷ್ಟು ನುಂಗುತ್ತ ಹೋದರೆ ಗುಳಿಗೆಯೇ ತಲೆನೋವನ್ನು ಹುಟ್ಟಿಸುತ್ತದೆಂಬುದನ್ನು ಮರೆಯಬಾರದು. ಸಿಡಿಲು ಹೊಡೆದಂತೆ ಥಟ್ಟನೆ ಬಂದ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದೊಡನೆ ಕತ್ತು ಸೆಟೆಯುವುದು, ತಲೆಗೆ ಪೆಟ್ಟು ಬಿದ್ದ ಅನಂತರದ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಮೊದಲಾದ ನೋವು, ಇವೆಲ್ಲ ಪ್ರಯಾಣದ ತಲೆನೋವಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪತ್ರ ಬರೆದ ಮಹನೀಯರಿಗೆ ಇನ್ನೊಂದು ಮಾತು. ಮೋಟಾರನ್ನು ನಡೆಸುವವರಿಗೆ ಈ ಬೇನೆಯು ಬಹಳ ಅಪರೂಪವೆಂಬುದನ್ನು ತಾವು ಗಮನಿಸಿದ್ದೀರಾ? ತಿರುವು ಯಾವಾಗ ಬರುವುದೆಂದು ಅವರಿಗೆ ಮೊದಲೇ ಗೊತ್ತು. ಕೈಯೂ ಕಣ್ಣೂ ಕಿವಿಯೂ ಒಂದೇ ಮಾತನ್ನಾಡುತ್ತವೆ. ಈ ವಾರ ತಾಯಿಯವರನ್ನು ನೋಡಲು ಹೋಗುವುದಾದರೆ ಮುಂದಿನ ಪೀಠ, ವೈದ್ಯರು ಕೊಟ್ಟ ಗುಳಿಗೆ, ಆಗುಂಬೆಯಲ್ಲಿ ಅರ್ಧ ಗಂಟೆಯ ವಿಶ್ರಾಂತಿ, ಸೋಮೇಶ್ವರದಲ್ಲಿ ಮತ್ತೆ ಕಾಲು ಗಂಟೆ. ಘಟ್ಟದಲ್ಲಿ ತಾವು ನಿಧಾನವಾಗಿ, ಜಗ್ಗಾಟವಿಲ್ಲದೆ ನಡೆಸಬೇಕು. ಹಿಂದಿರುಗುವುದು ಮರುದಿನವೇ ಬೇಡ. ನಾಲ್ಕು ದಿನ ಅಲ್ಲಿಯೇ ಇರಲಿ. ಆಮೇಲೆ, ಈ ಮಳೆಗಾಲ ಕಳೆದೊಡನೆ, ಆಕೆಗೆ ಮೋಟಾರು ನಡೆಸುವುದನ್ನು ಕಲಿಸಿಕೊಡಿರಿ. ಮೊದಲು ತೀರ್ಥಹಳ್ಳಿಯಿಂದ ಆಗುಂಬೆಯವರೆಗೆ ಆಕೆಯೇ ನಡೆಸಲಿ, ತಾವು ಪಕ್ಕದಲ್ಲಿ ಕುಳಿತಿರಿ. ಏನಾಯಿತೆಂಬುದನ್ನು ನಮಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಆಕೆಯೇ ಬರೆದರೆ ಇನ್ನೂ ಸಂತೋಷ.