ಅಕ್ಷರವಿಲ್ಲದ ಗೋರಿಗಳು ಮತ್ತು ಕನ್ನಡ ವಿಭಾಗದ ಅಧ್ಯಯನ ಪ್ರವಾಸ

ಸ್ನಾತಕೋತ್ತರ ಕನ್ನಡ ವಿಭಾಗಗಳ ಅಧ್ಯಯನ ಪ್ರವಾಸದ ದಾರಿ ಬಹುಮಟ್ಟಿಗೆ ಗೊತ್ತಾದುದೇ. ಬಾದಾಮಿ, ಬನವಾಸಿ, ಶ್ರವಣಬೆಳಗೊಳ, ಹಂಪಿ. ಅಕ್ಷರವಿರುವ ಕಲ್ಲು ಎಲ್ಲಿದೆಯೋ ಅಲ್ಲಿ ಬಸ್ಸು ನಿಲ್ಲುತ್ತದೆ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಳು ಸಾವಿನ ಸ್ಮಾರಕಗಳೇ ಆದರೂ ಅವು ಪಠ್ಯಕ್ಕೆ ಸೇರುವುದು ಸಾಮಾನ್ಯವಾಗಿ ಬರಹವಿದ್ದಾಗ. ಬರಹವಿಲ್ಲದ ಹಳೆಯ ಗೋರಿಗಳನ್ನು ಪುರಾತತ್ತ್ವದವರಿಗೆ ಬಿಟ್ಟುಕೊಟ್ಟು ಕನ್ನಡದವರು ಸುಮ್ಮನಾಗಿದ್ದಾರೆ. ಈ ಹಂಚಿಕೆಯನ್ನು ಮರುಪರಿಶೀಲಿಸುವುದು ಅಗತ್ಯ.

ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ಲನ್ನೇ ತೆಗೆದುಕೊಳ್ಳಬಹುದು. ಊರಾಚೆಯ ಬೆಟ್ಟದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. ಕಾಲ ಸ್ಥೂಲವಾಗಿ ಕ್ರಿ.ಪೂ. 800ರಿಂದ 200 ಎಂದು ಅಂದಾಜು. 19ನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಇವನ್ನು ವಿದ್ವತ್ ಲೋಕದ ಗಮನಕ್ಕೆ ತಂದನು. ಅ. ಸುಂದರ ಅವರು ದಕ್ಷಿಣ ಭಾರತದ ಕೋಣೆ ಸಮಾಧಿಗಳನ್ನು ಕುರಿತ ತಮ್ಮ ಗ್ರಂಥವನ್ನು 1975ರಲ್ಲಿ ಪ್ರಕಟಿಸಿದರು. 2021ರಲ್ಲಿ ಈ ತಾಣ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಸುತ್ತ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು, ಹಲವೆಡೆ ಒಂದು ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿ. ಓದಲು ಒಂದಕ್ಷರವೂ ಇಲ್ಲ.

ಆದರೆ ಹೆಸರಿದೆ. ಸುತ್ತಲಿನವರಿಗೆ ಅದು ಮೋರೇರ ಗುಡ್ಡ. ವಿದ್ವಾಂಸರು ಸಮಾಧಿ ಎನ್ನುವುದು ಅವರ ಬಾಯಲ್ಲಿ ಮೋರೇರ ಮನೆ. ಮೋರೇರು ತೀರ ಗಿಡ್ಡ ಜನರೆಂದೂ, ಬೆಂಕಿಯ ಮಳೆ ಬರುವುದೆಂದು ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರೂ ಉಳಿಯಲಿಲ್ಲವೆಂದೂ ಕತೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ 'ಮೋರೇರು' ಎಂದರೆ 'ಮೌರ್ಯರು' ಎಂದು ಹೇಳಿಬಿಡುವುದು ಸುಲಭ. ಮೌರ್ಯರ ಆಳ್ವಿಕೆಗಿಂತ ಶತಮಾನಗಳಷ್ಟು ಮೊದಲೇ ಇಲ್ಲಿ ಸಮಾಧಿಗಳು ಏಳತೊಡಗಿದ್ದವು ಎಂಬುದು ಒಂದು ತೊಡಕು. ಅದಕ್ಕಿಂತ ದೊಡ್ಡ ತೊಡಕು ಕತೆಯದೇ. ಅದರಲ್ಲಿ ರಾಜನಿಲ್ಲ, ರಾಜ್ಯವಿಲ್ಲ; ಆ ಸಣ್ಣ ಕಿಂಡಿಯಲ್ಲಿ ತೂರಬಲ್ಲ ಗಾತ್ರದ ಮನುಷ್ಯರಿದ್ದಾರೆ, ಮನೆ ಕಟ್ಟಿಯೂ ಅಳಿದ ದುಃಖವಿದೆ. ಶಬ್ದದ ಸದ್ದನ್ನಷ್ಟೇ ಎತ್ತಿಕೊಂಡು ಕತೆಯನ್ನು ಕೈಬಿಡುವ ನಿರುಕ್ತಿ ಅರ್ಧ ಆಕರವನ್ನು ಕಳೆದುಕೊಂಡಂತೆ. ಕೊಡಗಿನಲ್ಲಿ ಇಂಥವೇ ಕಲ್ಲುಗಳು ಪಾಂಡವರ ಹೆಸರಿಗೆ ಸೇರಿವೆ. ಒಂದೆಡೆ ಇತಿಹಾಸಕಾವ್ಯದ ವೀರರು, ಇನ್ನೊಂದೆಡೆ ಹೆಸರಿಲ್ಲದ ಗಿಡ್ಡರು ಏಕೆ ಎಂಬ ಪ್ರಶ್ನೆ ಪುರಾತತ್ತ್ವದ್ದಲ್ಲ, ಕನ್ನಡ ವಿಭಾಗದ್ದು.

ಇದಕ್ಕೆ ಉತ್ತರ ಮುಚ್ಚುಗಲ್ಲಿನ ಮೇಲೆ ಹತ್ತಿ ನಿಂತು ಗುಂಪಿನ ಛಾಯಾಚಿತ್ರ ತೆಗೆಸಿಕೊಳ್ಳುವವರಿಗೆ ದೊರೆಯದು. (ಮಡಕೆಯ ಚೂರನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವ ಅಭ್ಯಾಸದ ಬಗ್ಗೆ ಹೇಳದಿರುವುದೇ ಲೇಸು.) ನಲವತ್ತು ಜನ ಒಮ್ಮೆಗೇ ಹೋದರೆ ಹಳ್ಳಿಯ ಹಿರಿಯರು ಉಪಚಾರದ ಮಾತನ್ನಾಡಿ ಕಳುಹಿಸುತ್ತಾರೆ. ನಾಲ್ಕೈದು ಜನರ ತಂಡಗಳಾಗಿ, ಬೆಟ್ಟ ಹತ್ತುವ ಹಿಂದಿನ ದಿನವೇ ಊರಿನಲ್ಲಿ ತಂಗಿ, ಅನುಮತಿ ಕೇಳಿ ಮಾತಿಗೆ ಕೂರಬೇಕು. ಆಗ ಇನ್ನೊಂದು ಶಬ್ದಭಂಡಾರವೂ ತೆರೆದುಕೊಳ್ಳುತ್ತದೆ. ಉತ್ತರ ಕರ್ನಾಟಕದಲ್ಲಿ ಅಂತ್ಯಕ್ರಿಯೆಗೆ ಹೋಗುವುದೆಂದರೆ 'ಮಣ್ಣಿಗೆ ಹೋಗುವುದು'. ಹೂಳುವ ಪದ್ಧತಿಯವರೂ ತಮ್ಮ ನೆಲವನ್ನು ಸುಡುಗಾಡು ಎಂದೇ ಕರೆಯುತ್ತಾರೆ. ಗದ್ದಿಗೆ, ಗೋರಿ, ಖಬರಸ್ತಾನಗಳಿಗೆ ಬೇರೆ ಬೇರೆ ಗಡಿಗಳಿವೆ. ಯಾವ ಓಣಿಯವರಿಗೆ ಎಲ್ಲಿ ಮಣ್ಣು, ಯಾರಿಗೆ ಆ ನೆಲವೂ ಇಲ್ಲ ಎಂಬುದು ಆ ಗಡಿಗಳಲ್ಲೇ ತಿಳಿಯುತ್ತದೆ. ಎರಡೂವರೆ ಸಾವಿರ ವರ್ಷದ ಗೋರಿಯನ್ನು ಅಳೆಯಲು ಹೊರಟವರು ಊರಂಚಿನ ಈ ನೆಲವನ್ನು ಕಣ್ಣೆತ್ತಿ ನೋಡದೆ ದಾಟುವುದು ವಿಚಿತ್ರ.

ಪ್ರವಾಸದ ವರದಿಗಳ ಒಂದು ರೂಢಿಯೂ ಬದಲಾಗಬೇಕು. ಬೆಟ್ಟದ ದಾರಿ ತೋರಿಸಿ, ಕತೆ ಹೇಳಿದವರನ್ನು ಅವು 'ಸ್ಥಳೀಯ ಕುರಿಗಾಹಿಯೊಬ್ಬರು' ಎಂದು ದಾಖಲಿಸಿ ಮುಂದೆ ಸಾಗುತ್ತವೆ. ಶಾಸನವಾಗಿದ್ದರೆ ಅದನ್ನು ಕೊರೆದ ರೂವಾರಿಯ ಹೆಸರಿಗಾಗಿ ಕೊನೆಯ ಸಾಲಿನವರೆಗೂ ಹುಡುಕುತ್ತಿದ್ದರು.