ಮನೆ ಇರೋದು ವಾಸಕ್ಕೆ

ಟೊರೊಂಟೋದಲ್ಲಿ ಒಂದು ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಡೋಣ ಅಂತ ನಮ್ಮ ದೊಡ್ಡಪ್ಪ ಪ್ಲಾನ್ ಹಾಕಿದ್ರು. ಆಗಲ್ಲ ಅಂತ ಗೊತ್ತಾದಾಗ "ನಮ್ ದುಡ್ಡೂ ಬೇಡ್ವಂತೆ!" ಅಂತ ರೇಗಿದ್ರು. 2023ರ ಜನವರಿ 1ರಿಂದ ಕೆನಡಾದ ನಗರಗಳಲ್ಲಿ ವಿದೇಶಿಯರು ಮನೆ ಕೊಳ್ಳೋದಕ್ಕೆ ನಿಷೇಧ ಇದೆ. ಆಮೇಲೆ ಅದನ್ನ 2027ರ ಜನವರಿ 1ರವರೆಗೆ ಮುಂದುವರಿಸಿದ್ರು. ಮೀರಿದ್ರೆ 10,000 ಡಾಲರ್‌ವರೆಗೆ ದಂಡ.

ನನಗೂ ಮೊದಲು ಇದು ಅನ್ಯಾಯ ಅನ್ನಿಸ್ತು. ಆದರೆ ಅಲ್ಲಿ ಪರ್ಮನೆಂಟ್ ರೆಸಿಡೆಂಟ್ ಆದವರಿಗೆ ಅಡ್ಡಿಯಿಲ್ಲ. ವರ್ಕ್ ಪರ್ಮಿಟ್‌ನಲ್ಲಿ ಇನ್ನೂ 183 ದಿನ ಉಳಿದಿದ್ರೆ ಅವರೂ ಒಂದು ಮನೆ ಕೊಳ್ಳಬಹುದು. ಬಾಗಿಲು ಮುಚ್ಚಿರೋದು ಮುಖ್ಯವಾಗಿ ದೂರದಿಂದ ದುಡ್ಡು ಹಾಕೋರಿಗೆ. ನಾವೇನು ಕಮ್ಮಿ? ನಮ್ಮ ಫೆಮಾ ನಿಯಮದಲ್ಲೂ, ಹೊರದೇಶದಲ್ಲಿರೋ ಭಾರತ ಮೂಲದವರಲ್ಲದ ವಿದೇಶಿಯರು ಸಾಮಾನ್ಯವಾಗಿ ಇಲ್ಲಿ ಒಂದು ಸೈಟೂ ಕೊಳ್ಳೋ ಹಾಗಿಲ್ಲ.

ನನ್ನ ಅಕ್ಕ ಅದೇ ಟೊರೊಂಟೋದಲ್ಲಿ ಕೆಲಸ ಮಾಡ್ತಾ ಒಂದು ಬೇಸ್‌ಮೆಂಟ್‌ನಲ್ಲಿ ಬಾಡಿಗೆಗಿದ್ದಾಳೆ. ನಾಳೆ ಅವಳು ಪುಟ್ಟ ಮನೆ ನೋಡೋಕೆ ಹೋದಾಗ, ಜಾಸ್ತಿ ದುಡ್ಡು ಹಿಡಿದು ಎದುರಿಗೆ ನಿಲ್ಲೋದು ದೊಡ್ಡಪ್ಪನಂಥವರೇ ಅಲ್ವಾ?

ನಿಷೇಧ ಒಂದರಿಂದಲೇ ಬೆಲೆ ಇಳಿಯಲ್ಲ, ಹೊಸ ಮನೆಗಳನ್ನೂ ಕಟ್ಟಬೇಕು. ಆದರೂ ಸರದಿಯಲ್ಲಿ ಮೊದಲು ನಿಲ್ಲಬೇಕಾದವರು ಅಲ್ಲಿ ಬದುಕೋರು. ದೊಡ್ಡಪ್ಪನಿಗೆ ಇದನ್ನ ಹೇಳಿದೆ. ಇನ್ನೂ ಮಾತು ಬಿಟ್ಟಿದ್ದಾರೆ.