ಜೇನುಪೆಟ್ಟಿಗೆ ಎಟಿಎಂ ಅಲ್ಲ

‘ಹತ್ತು ಪೆಟ್ಟಿಗೆ ಇಡಿ, ಮನೆಯಲ್ಲೇ ಕೂತು ಲಕ್ಷ ಎಣಿಸಿ’ ಎನ್ನುವ ವಿಡಿಯೊಗಳು ಈಗ ಎಲ್ಲರ ಮೊಬೈಲಿನಲ್ಲೂ ಓಡುತ್ತಿವೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಅವನ್ನು ನೋಡಿ ಆಸೆಯಾಗುವುದು ಸಹಜ. ಇನ್ನೊಂದು ಕಡೆ, ‘ಇಷ್ಟು ಓದಿ ಜೇನು ಸಾಕ್ತೀಯಾ?’ ಎಂದು ಮೂಗು ಮುರಿಯುವ ನೆಂಟರೂ ಇದ್ದಾರೆ. ಶಿರಸಿ ಸೀಮೆಯ ನಮ್ಮ ಅಡಿಕೆ ತೋಟದಲ್ಲಿ ಅಪ್ಪನ ಜೊತೆ ಎಂಟು ಪೆಟ್ಟಿಗೆ ನೋಡಿಕೊಳ್ಳುವ ನನಗೆ ಈ ಎರಡು ಮಾತೂ ಒಪ್ಪಿಗೆಯಾಗುವುದಿಲ್ಲ. ಜೇನು ಸಾಕಣೆ ಲಾಟರಿಯಲ್ಲ, ಕೆಲಸ ಸಿಗದವರ ಕಾಲಹರಣವೂ ಅಲ್ಲ. ಅದು ನಿಧಾನವಾಗಿ ಕಲಿಯಬೇಕಾದ ಕಸುಬು.

ಮೊದಲು ಲೆಕ್ಕ ನೋಡೋಣ. ನಾವು ಸಾಕುವುದು ತುಡುವೆ ಜೇನು. ಒಳ್ಳೆಯ ವರ್ಷದಲ್ಲಿ ಪೆಟ್ಟಿಗೆಗೆ ಆರು ಕೆ.ಜಿ. ಜೇನುತುಪ್ಪ ಸಿಕ್ಕರೆ ಎಂಟು ಪೆಟ್ಟಿಗೆಗೆ 48 ಕೆ.ಜಿ. ನಾವು ಮಾರುವ 600 ರೂಪಾಯಿ ದರದಲ್ಲಿ ಅದು 28,800 ರೂಪಾಯಿ. ಬಾಟಲಿ, ಸಕ್ಕರೆ, ಹಾಳಾದ ಫ್ರೇಮು, ಓಡಾಟ ಎಲ್ಲ ಕಳೆದು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಎರಡು ಸಾವಿರದ ಆಸುಪಾಸು. ತೋಟದ ಆದಾಯದ ಜೊತೆಗೆ ಇದು ಒಳ್ಳೆಯ ಉಪ ಆದಾಯ. ಇದನ್ನೇ ಸಂಬಳವೆಂದು ನಂಬಿ ಕೂರುವಂತಿಲ್ಲ. ವಿಡಿಯೊದವರು ಈ ಭಾಗಾಕಾರ ಮಾಡಿ ತೋರಿಸುವುದಿಲ್ಲ.

ಅವರು ಮಳೆಗಾಲವನ್ನೂ ತೋರಿಸುವುದಿಲ್ಲ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೂವು ಕಡಿಮೆ. ಮಳೆ ಬಿಡದೆ ಹೊಡೆದರೆ ನೊಣಗಳು ಹೊರಗೆ ಹೋಗುವಂತೆಯೂ ಇಲ್ಲ. ಆಗ ಸಕ್ಕರೆ ಪಾಕ ಕೊಟ್ಟು ಕುಟುಂಬ ಉಳಿಸಿಕೊಳ್ಳಬೇಕು. ಬಲ ಕಡಿಮೆಯಾದ ಪೆಟ್ಟಿಗೆಗೆ ಮೇಣದ ಹುಳು ಬೀಳುತ್ತದೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಬೇಕು. ಇಷ್ಟೆಲ್ಲ ಮಾಡಿದರೂ ಸರಿಬರದಿದ್ದರೆ ತುಡುವೆ ಪೆಟ್ಟಿಗೆ ಖಾಲಿ ಮಾಡಿ ಹಾರಿಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ಬಂದಾಗ ದಕ್ಷಿಣ ಭಾರತದಲ್ಲಿ ತುಡುವೆ ಕುಟುಂಬಗಳು ದೊಡ್ಡ ಪ್ರಮಾಣದಲ್ಲಿ ನಾಶವಾದವು. ಜೇನಿಗೆ ಹೆಸರಾದ ಕೊಡಗಿನಲ್ಲೂ ಪೆಟ್ಟಿಗೆಗಳು ಬರಿದಾದವು. ಸಾಲ ಮಾಡಿ ಒಮ್ಮೆಲೇ ಐವತ್ತು ಪೆಟ್ಟಿಗೆ ತರಲು ಹೊರಟವರಿಗೆ ಈ ಸಂಗತಿ ಗೊತ್ತಿರಬೇಕು.

ಹಾಗಾದರೆ ಜೇನು ಯಾಕೆ ಸಾಕಬೇಕು? ಗಮನವಿಟ್ಟು ನೋಡುವುದನ್ನು ಇದರಷ್ಟು ಚೆನ್ನಾಗಿ ಕಲಿಸುವ ಕೆಲಸ ನನಗೆ ಇನ್ನೊಂದು ಸಿಕ್ಕಿಲ್ಲ. ಬೆಳಿಗ್ಗೆ ಪೆಟ್ಟಿಗೆಯ ಬಾಗಿಲಿನ ಪಕ್ಕ ಹತ್ತು ನಿಮಿಷ ನಿಂತರೆ ಮುಚ್ಚಳ ತೆರೆಯದೆಯೇ ಅರ್ಧ ವಿಷಯ ತಿಳಿಯುತ್ತದೆ. ನೊಣಗಳು ಕಾಲಿಗೆ ಪರಾಗದ ಉಂಡೆ ಮೆತ್ತಿಕೊಂಡು ಬರುತ್ತಿದ್ದರೆ ಒಳಗೆ ಮರಿಗಳಿವೆ, ರಾಣಿ ಮೊಟ್ಟೆ ಇಡುತ್ತಿದೆ ಎಂದು ಬಹುಮಟ್ಟಿಗೆ ನಂಬಬಹುದು. ಹೂವಿನ ಕಾಲದಲ್ಲೂ ಪರಾಗ ಬರದಿದ್ದರೆ ಅನುಮಾನಿಸಬೇಕು. ಹಿಂಬದಿಯಿಂದ ಪೆಟ್ಟಿಗೆಯನ್ನು ತುಸು ಎತ್ತಿದರೆ ಒಳಗೆಷ್ಟು ತುಪ್ಪವಿದೆ ಎಂದು ಕೈಗೇ ಗೊತ್ತಾಗುತ್ತದೆ. ಎರಿಯ ಕೆಳ ಅಂಚಿನಲ್ಲಿ ರಾಣಿ ಬೆಳೆಯುವ ಉದ್ದನೆಯ ಕಣಗಳು ಕಂಡರೆ ಕುಟುಂಬ ಪಾಲಾಗಲು ಹೊರಟಿದೆ ಎಂದರ್ಥ. ಆಗ ನಾವೇ ಪಾಲು ಮಾಡಿದರೆ ಒಂದು ಪೆಟ್ಟಿಗೆ ಎರಡಾಗುತ್ತದೆ; ಸುಮ್ಮನಿದ್ದರೆ ಒಂದು ಪಾಲು ಕಾಡು ಸೇರುತ್ತದೆ. ಹಾಗೆಂದು ದಿನವೂ ಮುಚ್ಚಳ ತೆರೆದು ಇಣುಕಿದರೆ ನೊಣಗಳಿಗೆ ಕಿರಿಕಿರಿ. ಯಾವಾಗ ಮುಟ್ಟಬೇಕು, ಯಾವಾಗ ಬಿಡಬೇಕು ಎಂಬುದು ಎರಡು ದಿನದ ತರಬೇತಿಯಲ್ಲಿ ಬರುವಂಥದ್ದಲ್ಲ.

ಮಾರುವುದೂ ಒಂದು ಕಲಿಕೆಯೇ. ಚಳಿಯಲ್ಲಿ ತುಪ್ಪ ಹರಳುಗಟ್ಟಿದರೆ ‘ಸಕ್ಕರೆ ಬೆರೆಸಿದ್ದೀರಿ’ ಎಂದು ಗ್ರಾಹಕರು ಬಾಟಲಿ ವಾಪಸ್ ತರುತ್ತಾರೆ. ಜೇನಿನಲ್ಲಿರುವ ಗ್ಲೂಕೋಸ್ ಹರಳಾಗುವುದು ಸಹಜ. ನೀರಿಗೆ ಹಾಕಿ ನೋಡಿದರೆ, ಬೆಂಕಿಕಡ್ಡಿಗೆ ಸವರಿ ಗೀರಿದರೆ ಕಲಬೆರಕೆ ಪತ್ತೆಯಾಗುವುದಿಲ್ಲ. ಇದನ್ನೆಲ್ಲ ಬೇಸರವಿಲ್ಲದೆ ವಿವರಿಸಬೇಕು. ಯಾವ ಊರಿನ, ಯಾವ ತಿಂಗಳ ತುಪ್ಪ ಎಂದು ಲೇಬಲ್ಲಿನಲ್ಲಿ ಪ್ರಾಮಾಣಿಕವಾಗಿ ಬರೆಯಬೇಕು. ಓದಿದವರು ಈ ಕಸುಬಿಗೆ ಬೇಕಾಗಿರುವುದು ಇಲ್ಲಿಯೇ.

ಕೇಂದ್ರ ಸರ್ಕಾರ 2020–21ರಿಂದ ಮೂರು ವರ್ಷಕ್ಕೆ 500 ಕೋಟಿ ರೂಪಾಯಿಯ ಜೇನು ಸಾಕಣೆ ಮಿಷನ್ ಘೋಷಿಸಿತು. ತೋಟಗಾರಿಕೆ ಇಲಾಖೆಯೂ ತರಬೇತಿ, ಸಹಾಯಧನ ಕೊಡುತ್ತದೆ. ಒಳ್ಳೆಯದೇ. ಆದರೆ ಸಹಾಯಧನದ ಪೆಟ್ಟಿಗೆ ಅಟ್ಟದ ಮೇಲೆ ಧೂಳು ಹಿಡಿದಿರುವ ಮನೆಗಳು ನಮ್ಮ ಸುತ್ತಲೇ ಇವೆ. ಪೆಟ್ಟಿಗೆಯ ಜೊತೆಗೆ, ಮೊದಲ ಮಳೆಗಾಲ ದಾಟುವವರೆಗೆ ತಿಂಗಳಿಗೊಮ್ಮೆ ಬಂದು ನೋಡುವ ಒಬ್ಬ ಅನುಭವಿ ಜೇನು ಕೃಷಿಕರನ್ನೂ ಗೊತ್ತುಮಾಡಿ, ಅವರಿಗೆ ಗೌರವಧನ ಕೊಡಲಿ. ಹಣ ಆಗ ಸಾರ್ಥಕವಾಗುತ್ತದೆ.

ಆಸಕ್ತಿಯಿರುವ ಗೆಳೆಯರಿಗೆ ನನ್ನ ಸಲಹೆ ಇಷ್ಟೆ. ಕೆಲಸ ಹುಡುಕುವುದನ್ನು ನಿಲ್ಲಿಸಬೇಡಿ, ಸಾಲ ಮಾಡಬೇಡಿ. ಊರಿನ ಹಿರಿಯ ಜೇನು ಕೃಷಿಕರೊಬ್ಬರ ಜೊತೆ ನಾಲ್ಕು ವಾರ ಓಡಾಡಿ. ಆಮೇಲೆ ಎರಡು ಪೆಟ್ಟಿಗೆ ಇಡಿ. ಒಂದೇ ಇದ್ದರೆ ಹೋಲಿಸಿ ನೋಡಲು ಆಗುವುದಿಲ್ಲ. ಎರಡಿದ್ದರೆ, ಒಂದರಲ್ಲಿ ರಾಣಿ ಸತ್ತಾಗ ಇನ್ನೊಂದರಿಂದ ಮೊಟ್ಟೆಯಿರುವ ಎರಿ ಕೊಟ್ಟು ಹೊಸ ರಾಣಿ ಬೆಳೆಸಿಕೊಳ್ಳಲು ಬಿಡಬಹುದು. ಸೆಪ್ಟೆಂಬರ್ ಕಳೆದ ಮೇಲೂ ಎರಡರಲ್ಲೂ ನೊಣ ಆಡುತ್ತಿದ್ದರೆ ಮೂರನೆಯ ಪೆಟ್ಟಿಗೆಯ ಬಗ್ಗೆ ಯೋಚಿಸಿ.